ಏನೂ ಬೆಳೆದಿಲ್ಲ

ಮನೆಯವರ ಸ್ಯಾಂಪಲ್ಲನ್ನು ಮನೆಯವರು ನೋಡಬಾರದು ಎಂದು ಲ್ಯಾಬಿನ ಗೋಡೆಯ ಮೇಲೆ ಚೀಟಿ ಅಂಟಿಸಿತ್ತು. ಬರೆದು ಅಂಟಿಸಿದವಳೂ ಅವಳೇ, ಮುರಿದವಳೂ ಅವಳೇ.

ಪುಟ್ಟ ಮಕ್ಕಳ ಮೂಗಿನೊಳಗೆ ಯಾವ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿವೆ, ಮಗುವಿನ ಮೈ ಅವುಗಳನ್ನು ಎದುರಿಸಲು ಹೇಗೆ ಕಲಿಯುತ್ತದೆ ಎಂಬುದು ದೊಡ್ಡ ಡಾಕ್ಟರಮ್ಮನ ಸಂಶೋಧನೆ. ಅವರ ಲ್ಯಾಬಿನಲ್ಲಿ ಇವಳು ಟೆಕ್ನೀಷಿಯನ್. ತಿಂಗಳಿಗೊಮ್ಮೆ ಶಿಶುವಿಹಾರಕ್ಕೆ ಹೋಗಿ ಪ್ರತಿ ಮಗುವಿನ ಮೂಗಿಗೆ ಹತ್ತಿಯ ಕಡ್ಡಿ ಹಾಕಬೇಕು, ಬೆರಳಿನಿಂದ ಎರಡು ಹನಿ ರಕ್ತ ತೆಗೆಯಬೇಕು. ಕಡ್ಡಿ ಕಂಡರೆ ಮಕ್ಕಳೆಲ್ಲ ಕಿರುಚಿ ಸೂರು ಹಾರಿಸುತ್ತಿದ್ದರು. ನಲವತ್ತೊಂದನೇ ನಂಬರಿನ ಮಗು ಮಾತ್ರ ಕಣ್ಣು ಮುಚ್ಚಿ, ಮೂಗೆತ್ತಿ ನಿಲ್ಲುತ್ತಿತ್ತು. ಅದು ಅವಳದೇ ಮಗಳು, ಮೂರು ವರ್ಷದ ಚಿಣ್ಣಿ.

ಹೋದ ಗುರುವಾರ ತಡೆಯಲಾರದೆ, ನಲವತ್ತೊಂದರ ಕಡ್ಡಿ ಸವರಿ ಬ್ಯಾಕ್ಟೀರಿಯಾ ಬೆಳೆಯಲು ಇಟ್ಟಿದ್ದ ಪ್ಲೇಟು ತೆಗೆದು ನೋಡಿದಳು. ನ್ಯುಮೋನಿಯಾ ತರಬಲ್ಲ ಬ್ಯಾಕ್ಟೀರಿಯಾ ಪ್ಲೇಟಿನ ತುಂಬ ಬೆಳೆದಿತ್ತು. ಎಷ್ಟೋ ಮಕ್ಕಳ ಮೂಗಿನಲ್ಲಿ ಇದು ತೆಪ್ಪಗೆ ಇದ್ದು ಹೋಗುತ್ತದೆ ಎಂದು ಊರ ತಾಯಂದಿರಿಗೆಲ್ಲ ಬಿಡಿಸಿ ಹೇಳಿದವಳು ಇವಳೇ. ತನ್ನ ಮಗಳ ವಿಷಯ ಬರುತ್ತಲೇ ಆ ಬುದ್ಧಿಯೆಲ್ಲ ಎಲ್ಲಿ ಅಡಗಿತೋ. ಮನೆಯಲ್ಲಿ ಉಳಿದಿದ್ದ ಅರ್ಧ ಬಾಟಲಿ ಹಳೆಯ ಆಂಟಿಬಯೋಟಿಕ್ ಸಿರಪ್ಪನ್ನು ಯಾರಿಗೂ ಹೇಳದೆ ಮೂರು ದಿನ ಕುಡಿಸಿದಳು.

ನಾಲ್ಕನೇ ದಿನ ಮಗುವಿನ ಮೈ ಕೆಂಡವಾಯಿತು. ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಮೊದಲು ರಕ್ತ ತೆಗೆದುಕೊಂಡು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂಬ ಪರೀಕ್ಷೆಗೆ ಕಳಿಸಿದರು, ಆಮೇಲೆ ಡ್ರಿಪ್‌ನಲ್ಲಿ ಆಂಟಿಬಯೋಟಿಕ್ ಹಾಕಿದರು.

ಎರಡು ದಿನ ಕಳೆದ ಮೇಲೆ, ಮಕ್ಕಳ ವಾರ್ಡನ್ನೂ ನೋಡಿಕೊಳ್ಳುತ್ತಿದ್ದ ದೊಡ್ಡ ಡಾಕ್ಟರಮ್ಮ ರಿಪೋರ್ಟು ಹಿಡಿದು ಬಂದರು.

"ರಕ್ತದಲ್ಲಿ ಏನೂ ಬೆಳೆದಿಲ್ಲ. ವೈರಸ್ಸೇ ಇರಬೇಕು. ಆಂಟಿಬಯೋಟಿಕ್ ನಿಲ್ಲಿಸೋಣ. ಇಲ್ಲಿಗೆ ಬರೋಕೆ ಮುಂಚೆ ಮನೇಲಿ ಏನೂ ಕೊಟ್ಟಿಲ್ಲ ತಾನೆ?"

ಅವಳು ಬಾಯಿ ತೆರೆಯುವ ಮುನ್ನ ಪಕ್ಕದಲ್ಲಿ ಕೂತಿದ್ದ ಅತ್ತೆಯೇ ಉತ್ತರ ಕೊಟ್ಟರು. "ನಮ್ಮ ಸೊಸೆ ಇದೇ ಕೆಲಸದಲ್ಲಿರೋಳು, ಡಾಕ್ಟ್ರೇ. ಕಂಡಕಂಡ ಔಷಧಿ ಕೊಡೋಳಲ್ಲ."

ಡಾಕ್ಟರಮ್ಮ ತಲೆಯಾಡಿಸಿದರು. ನರ್ಸು ಡ್ರಿಪ್ಪಿನ ಕಡೆ ಕೈ ಚಾಚಿದಳು. ಹೇಳಿದರೆ ಕೆಲಸ ಹೋಗುತ್ತದೆ, ಈ ಅತ್ತೆಯ ಮುಖ ಮತ್ತೆ ನೋಡುವ ಹಾಗಿರುವುದಿಲ್ಲ. ಹೇಳದಿದ್ದರೆ? ಚಿಣ್ಣಿಯ ಪಕ್ಕೆ ಮತ್ತೊಮ್ಮೆ ಒಳಗೆ ಹೋಯಿತು.

"ನಿಲ್ಲಿಸ್ಬೇಡಿ ಸಿಸ್ಟರ್," ಎಂದಳು. "ನಲವತ್ತೊಂದರ ಪ್ಲೇಟ್ ನೋಡಿ, ಹೆದರಿ ನಾನೇ ಕೊಟ್ಟಿದೀನಿ. ಮೂರು ದಿನ ಆಂಟಿಬಯೋಟಿಕ್ ಸಿರಪ್ ಕುಡಿಸಿದೀನಿ. ಬ್ಯಾಕ್ಟೀರಿಯಾ ಅದಕ್ಕೆ ಅಡಗಿರ್ಬೇಕು. ಅದಕ್ಕೇ ರಕ್ತದಲ್ಲಿ ಏನೂ ಬೆಳೆದಿಲ್ಲ."

ಅತ್ತೆ ಮುಖ ತಿರುಗಿಸಿದರು. ಡಾಕ್ಟರಮ್ಮ ರಿಪೋರ್ಟನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಹಾಗಾದ್ರೆ ಈ ಕಾಗದ ನಂಬೋ ಹಾಗಿಲ್ಲ. ಸಿಸ್ಟರ್, ಡ್ರಿಪ್ಪು ಮುಂದುವರೀಲಿ." ಆಮೇಲೆ ಅವಳ ಕಡೆ ತಿರುಗಿದರು. "ಪ್ಲೇಟ್ ನೋಡಿದೋಳು ಬೆರಳಿನ ರಕ್ತದ ಫಲಿತಾಂಶದ ಪಟ್ಟೀನೂ ನೋಡಿದ್ಯಾ?"

"ಇಲ್ಲ ಮೇಡಂ."

"ಆ ಬ್ಯಾಕ್ಟೀರಿಯಾನ ಎದುರಿಸೋಕೆ ನಿನ್ನ ಮಗಳ ಮೈ ಹೋದ ತಿಂಗಳೇ ಶುರು ಮಾಡಿತ್ತು. ಮೈಯನ್ನ ಅದರ ಪಾಡಿಗೆ ಬಿಡಬೇಕಿತ್ತು."

ಅವಳಿಗೆ ಅಳು ಉಕ್ಕಿ ಬಂತು.

ಆಸ್ಪತ್ರೆ ಸೇರಿದ ಐದನೇ ದಿನ ಜ್ವರ ಇಳಿಯಿತು, ಉಸಿರು ಹಗುರಾಯಿತು. ಅವಳ ಜಾಗಕ್ಕೆ ಬಂದಿದ್ದ ಹೊಸ ಟೆಕ್ನೀಷಿಯನ್ ಹತ್ತಿಯ ಕಡ್ಡಿ ಹಿಡಿದು ಹಾಸಿಗೆಯ ಬಳಿ ಬಂದ. ಚಿಣ್ಣಿ ರೂಢಿಯಂತೆ ಕಣ್ಣು ಮುಚ್ಚಿ ಮೂಗೆತ್ತಿದಳು. ಆಮೇಲೆ ಒಂದು ಕಣ್ಣು ತೆರೆದು ನೋಡಿ, ಅವನ ಕೈಯನ್ನು ಆಚೆ ತಳ್ಳಿದಳು.

"ಅಮ್ಮ ಹಾಕ್ಲಿ."

ತಾಯಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

"ಇನ್ಮೇಲೆ ಅಮ್ಮ ಹಾಕೋ ಹಾಗಿಲ್ಲ, ಕಂದ," ಎಂದಳು.