ಕ್ಲಬ್ಬಿನ ಒಂದೇ ಗಾಲಿಕುರ್ಚಿ

ಸೇವೆ ಮಾಡುತ್ತೇವೆ ಎಂದು ಹೇಳಿಕೊಂಡು ಓಡಾಡುವವರನ್ನು ನಾನು ಮೊದಲಿನಿಂದಲೂ ಅಷ್ಟಾಗಿ ನಂಬಿದವಳಲ್ಲ. ಅದರಲ್ಲೂ ಸೇವೆಗೆ ಕೋಟು ಹಾಕಿಕೊಂಡು ಬರುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಹೀಗಿರುವ ನಾನು, ಈ ವಯಸ್ಸಿನಲ್ಲಿ, ಕುವೆಂಪುನಗರದ ‘ಅರಮನೆ ನಗರಿ ಸೇವಾ ಕ್ಲಬ್’ ಸೇರಿ, ಒಳ್ಳೆಯ ರೇಷ್ಮೆ ಸೀರೆಗೆ ಅವರ ಪಿನ್ನು ಚುಚ್ಚಿಸಿಕೊಂಡು ತೂತು ಮಾಡಿಕೊಂಡೆ. ಕಾರಣ ದೇವಿರಮ್ಮ.

ನಾನು ಅಲಮೇಲು. ಹುಟ್ಟಿದ್ದು ಅಗ್ರಹಾರದಲ್ಲಿ. ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು, ನಿವೃತ್ತಿಯಾದ ಮೇಲೆ ರಾಮಕೃಷ್ಣನಗರದಲ್ಲಿದ್ದೇನೆ. ದೇವಿರಮ್ಮ ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದವಳು. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ನಾನು ಒಂದು ಸಲ ಹೇಳಿದ್ದಕ್ಕೆ, ‘ನಿಮ್ ಲೆಕ್ಕ ನೀವ್ ನೋಡ್ಕಳಿ ಟೀಚರೇ’ ಎಂದು ಸೌಟು ತೋರಿಸಿದ್ದಳು. ಅಲ್ಲಿಂದ ಶುರುವಾದ ಜಗಳ ಸ್ನೇಹವಾಗಿ, ಸ್ನೇಹವಾದ ಮೇಲೂ ಜಗಳವಾಗಿಯೇ ಉಳಿಯಿತು. ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಮಗಳು ಗಗನಳ ಜೊತೆ ಇದ್ದಾಳೆ. ಬೆಳಿಗ್ಗೆ ಇಬ್ಬರೂ ಪಾರ್ಕಿಗೆ ಹೋಗುತ್ತಿದ್ದೆವು. ನಡೆಯುವುದಕ್ಕಲ್ಲ, ಹೊಂಗೆಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತು ನಡೆಯುವವರನ್ನು ಆಡಿಕೊಳ್ಳುವುದಕ್ಕೆ.

ಬಚ್ಚಲಲ್ಲಿ ಜಾರಿ ಬಿದ್ದು ಅವಳ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಕಾಲು ಮಾತ್ರ ಏಳಲಿಲ್ಲ. ಗಗನ ಬಟ್ಟೆ ಕಾರ್ಖಾನೆಗೆ ಹೋದಮೇಲೆ ಇವಳು ಮಂಚದ ಮೇಲೆ, ಎದುರಿಗೆ ಗೋಡೆ, ಗೋಡೆಯ ಮೇಲೆ ಕ್ಯಾಲೆಂಡರು. ನಾನು ಹೋಗಿ ಕೂತರೆ ಹಿಂದಿನ ಹಾಗೆ ಮಾತಿಗೆ ಮಾತು ಕೊಡುತ್ತಿರಲಿಲ್ಲ. ಒಂದು ದಿನ ಬೇಕೆಂದೇ ಶಾಲೆಯಲ್ಲಿ ಅವಳು ಮಾಡುತ್ತಿದ್ದ ಸಾರನ್ನು ಬೈದು ನೋಡಿದೆ. ‘ಇರ್ಬೋದು ಬುಡಿ’ ಎಂದಳು. ದೇವಿರಮ್ಮ ಒಪ್ಪಿಕೊಂಡುಬಿಟ್ಟಳಲ್ಲ ಎಂದು ನನಗೆ ನಿಜಕ್ಕೂ ಭಯವಾಯಿತು.

‘ಗಾಲಿಕುರ್ಚಿ ತರ್ತೀನಿ. ಪಾರ್ಕಿಗೆ ಹೋಗೋಣ’ ಎಂದೆ.

‘ನೀವ್ ತಂದ್ಕೊಟ್ಬುಟ್ರೆ ಆಮೇಕೆ ನಿಮ್ ಕೂಡ ಜಗಳ ಎಂಗಾಡ್ಲಿ ಟೀಚರೇ? ಬಾಯ್ ಮುಚ್ಕಂಡು ಕುಂತ್ಕಬೇಕಾಯ್ತದೆ. ಬ್ಯಾಡ ಬುಡಿ.’

ಎಷ್ಟು ಗೋಗರೆದರೂ ಬಗ್ಗಲಿಲ್ಲ. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ಯಾವುದಾದರೂ ಸಂಘದವರು ಕೊಟ್ಟರೆ ತೆಗೆದುಕೊಳ್ಳುತ್ತಾಳಂತೆ. ಸಂಘ ಎಂದರೆ ನಾಲ್ಕು ಜನದ್ದು, ಯಾರ ಹಂಗೂ ಅಲ್ಲ. ಕುವೆಂಪುನಗರದ ಕ್ಲಬ್ಬಿನವರು ವರ್ಷ ವರ್ಷ ಗಾಲಿಕುರ್ಚಿ ಕೊಡುತ್ತಾರೆಂದು ಪೇಪರಿನಲ್ಲಿ ಫೋಟೋ ನೋಡಿದ್ದೆ. ಹೋಗಿ ಕೇಳಿದರೆ, ಸದಸ್ಯರು ಶಿಫಾರಸು ಮಾಡಿದವರಿಗೆ ಮಾತ್ರ ಎಂದರು. ಸರಿ, ಸದಸ್ಯಳಾದೆ.

ಕ್ಲಬ್ಬಿನ ಅಧ್ಯಕ್ಷರು ಪ್ರದ್ಯುಮ್ನ, ಸೈಟು ಮಾರುವವರು. ಸಭೆಗೆ ಬಂದ ಕೂಡಲೇ ಕೊರಳಿಗೆ ಒಂದು ದಪ್ಪ ಪದಕದ ಸರ ಹಾಕಿಕೊಳ್ಳುತ್ತಾರೆ. ಅದು ಎದೆಯ ಮೇಲೆ ಸರಿಯಾಗಿ ಕೂರುವವರೆಗೆ ಮಾತಿಲ್ಲ. ಕಾರ್ಯದರ್ಶಿ ದೇವರಾಜು, ಟೈಲ್ಸ್ ಅಂಗಡಿಯವರು, ಫೋಟೋಗ್ರಾಫರ್ ಬರುವವರೆಗೆ ಯಾವ ಸೇವೆಯನ್ನೂ ಶುರು ಮಾಡಗೊಡುವುದಿಲ್ಲ. ಮಾತಾಡಲು ಎದ್ದವರು ಮೊದಲು ಅಧ್ಯಕ್ಷರನ್ನು, ನಿಕಟಪೂರ್ವ ಅಧ್ಯಕ್ಷರನ್ನು, ಭಾವೀ ಅಧ್ಯಕ್ಷರನ್ನು, ಅವರವರ ಧರ್ಮಪತ್ನಿಯರನ್ನು ಹೆಸರು ಹಿಡಿದು ಸಂಬೋಧಿಸಬೇಕು. ಅಷ್ಟು ಹೊತ್ತಿಗೆ ಹೇಳಬೇಕಾದ್ದು ಮರೆತುಹೋಗಿರುತ್ತದೆ. ಮರೆತರೂ ನಷ್ಟವೇನಿಲ್ಲ, ಹೇಳುವಂಥದ್ದು ಯಾರ ಹತ್ತಿರವೂ ಇರಲಿಲ್ಲ.

ನಾನು ಸೇರಿದ ಮೇಲೆ ನಡೆದ ಮೊದಲ ಸೇವೆ ಸ್ವಚ್ಛತಾ ಅಭಿಯಾನ. ಬೆಳಿಗ್ಗೆ ಪಾರ್ಕಿಗೆ ಹೋದರೆ ಪೌರಕಾರ್ಮಿಕರು ಆಗಲೇ ಗುಡಿಸಿ ಹೋಗಿದ್ದರು. ನೆಲ ಥಳಥಳ ಹೊಳೆಯುತ್ತಿತ್ತು. ಎಲ್ಲರೂ ಹೊಸ ಪೊರಕೆ ಹಿಡಿದು ಪೆಚ್ಚುಮೋರೆ ಹಾಕಿಕೊಂಡು ನಿಂತರು. ದೇವರಾಜು ಮಾತ್ರ ಗಾಬರಿಯಾಗಲಿಲ್ಲ. ಕಾರಿನ ಡಿಕ್ಕಿಯಿಂದ ಒಂದು ಮೂಟೆ ಒಣಗಿದೆಲೆ ಇಳಿಸಿ, ಹುಲ್ಲಿನ ಮೇಲೆ ಒಪ್ಪವಾಗಿ ಹರಡಿದರು.

‘ಮೈಸೂರಲ್ಲಿ ಕಸ ಸಿಗೋದೇ ಕಷ್ಟ ಕಣ್ರೀ. ಅದಕ್ಕೆ ಮನೆಯಿಂದಲೇ ತಂದ್ಬಿಟ್ಟೆ’ ಎಂದರು.

ಎಲ್ಲರೂ ಗುಡಿಸಿದರು. ಫೋಟೋ ಆಯಿತು. ಎಲೆಯನ್ನು ಅಲ್ಲೇ ಬಿಟ್ಟು ತಿಂಡಿಗೆ ಹೋದರು. ನನ್ನ ತರಗತಿಯಲ್ಲಿ ಇಂಥ ಹುಡುಗರಿದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇಲ್ಲಿ ತೆಪ್ಪಗಿದ್ದೆ, ಕುರ್ಚಿ ಬೇಕಾಗಿತ್ತು.

ತೆಪ್ಪಗಿದ್ದವರಿಗೆ ಕ್ಲಬ್ಬಿನಲ್ಲಿ ಬೇಗ ಬಡ್ತಿ. ಸಭೆಯ ಮೇಜಿನ ಮೇಲೆ ಒಂದು ಹಿತ್ತಾಳೆ ಗಂಟೆ ಇರುತ್ತದೆ, ಅದನ್ನು ಬಾರಿಸಲು ಬೀಟೆಮರದ ಪುಟ್ಟ ಸುತ್ತಿಗೆ. ಅಧ್ಯಕ್ಷರು ಅದರಿಂದ ಬಾರಿಸಿದರೆ ಸಭೆ ಶುರು, ಮತ್ತೆ ಬಾರಿಸಿದರೆ ಮುಕ್ತಾಯ. ಬೇರೆ ಯಾವುದರಿಂದಲೂ ಬಾರಿಸುವ ಹಾಗಿಲ್ಲ. ಮುಕ್ತಾಯದ ಗಂಟೆ ಆಗುವವರೆಗೆ ಯಾರೂ ಕುರ್ಚಿ ಬಿಟ್ಟು ಏಳುವಂತಿಲ್ಲ. ಒಮ್ಮೆ ಸಕ್ಕರೆ ಕಾಯಿಲೆಯ ಸದಸ್ಯರೊಬ್ಬರು ತಡೆಯಲಾರದೆ ಎದ್ದಾಗ, ಪ್ರದ್ಯುಮ್ನ ಮೈಕಿನಲ್ಲೇ ‘ಪ್ರೋಟೋಕಾಲ್, ಪ್ರೋಟೋಕಾಲ್’ ಎಂದು ಕೂರಿಸಿದ್ದರು. ಪಾಪ, ಆ ಮನುಷ್ಯ ಕಾಲು ಹೆಣೆದುಕೊಂಡು ವಂದನಾರ್ಪಣೆ ಪೂರ್ತಿ ಕೇಳಿದ. ಸುತ್ತಿಗೆಯನ್ನು ಮನೆಗೆ ಒಯ್ದು, ಮುಂದಿನ ಸಭೆಗೆ ಜೋಪಾನವಾಗಿ ತರುವ ಹುದ್ದೆಗೆ ಸಭಾಪಾಲಕಿ ಎಂದು ಹೆಸರು. ಅದನ್ನು ನನಗೆ ಕೊಟ್ಟರು.

‘ಟೀಚರ್ ಆಗಿದ್ದೋರು, ಬೆಲ್ಲು ಗಿಲ್ಲು ನಿಮಗೆ ಅಭ್ಯಾಸ ಇರುತ್ತೆ’ ಎಂದರು ಪ್ರದ್ಯುಮ್ನ.

ಶಾಲೆಯಲ್ಲಿ ಬೆಲ್ಲು ಹೊಡೆಯುತ್ತಿದ್ದವನು ಜವಾನ ಚಿಕ್ಕಮಾದಯ್ಯ, ನಾನು ಪಾಠ ಹೇಳುತ್ತಿದ್ದೆ. ಆದರೂ ನಗುನಗುತ್ತಲೇ ಸುತ್ತಿಗೆ ತೆಗೆದುಕೊಂಡು ಕೈಚೀಲಕ್ಕೆ ಹಾಕಿಕೊಂಡೆ. ಕೂಡಲೇ ದೇವಿರಮ್ಮನ ಹೆಸರನ್ನೂ ಹೇಳಿದೆ. ಗವರ್ನರ್ ಬರುವ ದಿನ ಕೊಡೋಣ ಎಂದರು. ಗವರ್ನರ್ ಎಂದರೆ ರಾಜಭವನದವರಲ್ಲ, ಇಂಥ ಹತ್ತಾರು ಕ್ಲಬ್ಬುಗಳಿಗೆ ಸೇರಿ ಒಬ್ಬ ಯಜಮಾನ. ಆತ ಬರುತ್ತಾನೆಂದರೆ ಇವರಿಗೆ ನಿದ್ದೆ ಬರುವುದಿಲ್ಲ.

ವಿಷಯ ಕೇಳಿ ದೇವಿರಮ್ಮ ಮಂಚದ ಮೇಲೆಯೇ ನೆಟ್ಟಗೆ ಕೂತಳು. ಗಗನಳ ಕೈಲಿ ಹಸಿರು ಸೀರೆ ತೆಗೆಸಿ ಇಸ್ತ್ರಿಗೆ ಕೊಡಿಸಿದಳು.

‘ಮೊದ್ಲು ಆ ಬೆಂಚ್ ತಾವಕ್ಕೇ ವೋಗದು. ಆ ದಪ್ಪನೆ ಲಾಯರಪ್ಪ ಇನ್ನೂ ಓಡ್ತಾನಾ ಟೀಚರೇ?’ ಎಂದು ಕೇಳಿದಳು.

ಎಷ್ಟೋ ತಿಂಗಳ ಮೇಲೆ ಅವಳು ಒಬ್ಬರನ್ನು ಆಡಿಕೊಂಡದ್ದು. ಮನೆಗೆ ಬಂದು ನಾನು ಅತ್ತುಬಿಟ್ಟೆ.

ಭಾನುವಾರ ಬೆಳಿಗ್ಗೆ ಗಗನ ಮತ್ತು ನಾನು ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಸಭಾಭವನಕ್ಕೆ ಹೋದೆವು. ನಡೆಯಲಾರದವರಿಗೆ ಕುರ್ಚಿ ಕೊಡುವ ಸಮಾರಂಭ, ಮುಂಬಾಗಿಲಿಗೆ ದೊಡ್ಡ ದೊಡ್ಡ ಮೆಟ್ಟಿಲು, ಮೆಟ್ಟಿಲಿಗೆ ಕೆಂಪು ಹಾಸು. ಅಡುಗೆಯವರು ಪಾತ್ರೆ ಉರುಳಿಸಿ ತರುವ ಇಳಿಜಾರು ಹಿಂದೆ ಇತ್ತು. ಅಲ್ಲಿಗೇ ಕುರ್ಚಿ ತರಿಸಿಕೊಂಡು, ಬಿಸಿಬೇಳೆಬಾತಿನ ಹಂಡೆಗಳ ಪಕ್ಕದಿಂದ ಅವಳನ್ನು ಒಳಗೆ ತಂದೆವು. ದೇವಿರಮ್ಮ ಚಕ್ರಕ್ಕೆ ಕೈ ಹಾಕಿ ತಾನೇ ಒಂದು ಸುತ್ತು ತಿರುಗಿಸಿದಳು.

‘ನೋಡಿ ಟೀಚರೇ, ನಾನೇ ಓಡುಸ್ತಾ ಇವ್ನಿ!’

ಅಷ್ಟರಲ್ಲಿ ದೇವರಾಜು ನನ್ನನ್ನು ಪಕ್ಕಕ್ಕೆ ಕರೆದರು. ‘ಮೇಡಂ, ಫೋಟೋ ಆದ ತಕ್ಷಣ ಅಜ್ಜೀನ ಆ ಪ್ಲಾಸ್ಟಿಕ್ ಕುರ್ಚಿಗೆ ಇಳಿಸ್ಬಿಡಿ. ಗಾಲಿಕುರ್ಚಿ ನನ್ನ ಗೋಡೌನಿಗೆ ವಾಪಸ್ ಹೋಗ್ಬೇಕು.’

‘ವಾಪಸ್ಸಾ?’

‘ಮತ್ತೆ? ಇರೋದೊಂದೇ ಅಲ್ವಾ. ಮುಂದಿನ ಸಮಾರಂಭಕ್ಕೆ ಏನ್ ಮಾಡೋದು?’

ಗೋಡೆಯ ಮೇಲೆ ಕ್ಲಬ್ಬಿನ ಹಿಂದಿನ ವರ್ಷಗಳ ಫೋಟೋಗಳಿದ್ದವು. ಈವರೆಗೆ ನಾನು ಅವುಗಳಲ್ಲಿ ಕೊರಳ ಸರಗಳನ್ನಷ್ಟೇ ನೋಡಿ ನಕ್ಕಿದ್ದೆ. ಈಗ ಕುರ್ಚಿ ನೋಡಿದೆ. ಪ್ರತಿ ಫೋಟೋದಲ್ಲೂ ಬೇರೆ ಬೇರೆ ಮುದುಕರು, ಬೇರೆ ಬೇರೆ ಪೇಟ, ಶಾಲು. ಎಡಗೈ ಇಡುವಲ್ಲಿ ನೀಲಿ ಟೇಪು ಸುತ್ತಿದ ಕುರ್ಚಿ ಮಾತ್ರ ಅದೇ. ಈಗ ದೇವಿರಮ್ಮ ಅದೇ ಟೇಪಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಪ್ರದ್ಯುಮ್ನರ ಹತ್ತಿರ ಹೋದೆ. ಅವರು ಸರ ಸರಿಮಾಡಿಕೊಳ್ಳುತ್ತಿದ್ದರು. ನಾಚಿಕೆಯ ಸುಳಿವೂ ಇಲ್ಲದೆ ನನಗೇ ತಿಳಿಹೇಳಿದರು. ‘ಮೇಡಂ, ಒಂದು ಕುರ್ಚಿ ಒಬ್ಬರಿಗೇ ಕೊಟ್ಬಿಟ್ರೆ ಒಬ್ಬರಿಗೆ ಮಾತ್ರ ಅನುಕೂಲ. ನಮ್ಮ ಪದ್ಧತಿಯಲ್ಲಿ ನೋಡಿ, ಒಂದೇ ಕುರ್ಚಿಯಿಂದ ಎಷ್ಟು ಜನಕ್ಕೆ ಗೌರವ! ಪೇಟ, ಶಾಲು ಅವರೇ ಇಟ್ಕೋಬಹುದು.’

ಥೂ, ಇವರ ಜನ್ಮಕ್ಕಿಷ್ಟು. ಕಳ್ಳರಾದರೂ ಕದಿಯುವಾಗ ಪೇಟ ತೊಡಿಸುವುದಿಲ್ಲ. ಈ ಮಾತು ನಾಲಗೆಯ ತುದಿಯವರೆಗೆ ಬಂತು. ಆದರೆ ಅಲ್ಲಿ ದೇವಿರಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ಮದುವೆಯ ಹೆಣ್ಣಿನ ಹಾಗೆ ಸೆರಗು ಹೊದ್ದು, ತನ್ನ ಹೆಸರು ಕೂಗುವುದನ್ನೇ ಕಾಯುತ್ತಿದ್ದಳು. ಅವಳನ್ನು ಇಳಿಸಿ ಮತ್ತೆ ಮನೆಯ ಆ ಗೋಡೆಯ ಎದುರಿಗೆ ಮಲಗಿಸಿದರೆ ಮುಂದೆ ಅವಳು ಯಾವುದಕ್ಕೂ ಏಳುವುದಿಲ್ಲ. ಅದು ನನಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಕೈಚೀಲ ತೆರೆದೆ. ಸುತ್ತಿಗೆಯನ್ನು ಪ್ರದ್ಯುಮ್ನರಿಗೆ ಕೊಟ್ಟೆ.

ಅವರು ಗಂಟೆ ಬಾರಿಸಿದರು. ಸಭೆ ಶುರುವಾಯಿತು. ಪದ್ಧತಿಯಂತೆ ಸುತ್ತಿಗೆಯನ್ನು ಸಭಾಪಾಲಕಿಗೆ ಹಿಂತಿರುಗಿಸಿದರು. ಅದನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡೆ. ಸಂಬೋಧನೆಗಳ ಮೆರವಣಿಗೆ ಮುಗಿಯುವ ಹೊತ್ತಿಗೆ ಅರ್ಧ ಸಭೆ ಆಕಳಿಸುತ್ತಿತ್ತು. ಆಮೇಲೆ ದೇವರಾಜು ಮೈಕಿನಲ್ಲಿ, ‘ಈಗ ನಮ್ಮ ಮಾನ್ಯ ಗವರ್ನರ್ ಅವರ ಅಮೃತಹಸ್ತದಿಂದ ಶ್ರೀಮತಿ ದೇವಿರಮ್ಮನವರಿಗೆ ಗಾಲಿಕುರ್ಚಿಯನ್ನು ಶಾಶ್ವತವಾಗಿ ಹಸ್ತಾಂತರಿಸಲಾಗುತ್ತಿದೆ’ ಎಂದು ಘೋಷಿಸಿದರು. ಗವರ್ನರ್ ಪೇಟ ತೊಡಿಸಿದರು, ಕುರ್ಚಿಯ ಹಿಡಿಕೆಗೆ ಕೈಯಿಟ್ಟು ಕ್ಯಾಮೆರಾ ನೋಡಿ ನಕ್ಕರು. ಪೇಪರಿನವರೂ ಬಂದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಗವರ್ನರ್ ಭಾಷಣಕ್ಕೆ ನಿಂತರು. ದೇವರಾಜು ಕೂತಲ್ಲಿಂದಲೇ ನನಗೆ ಹುಬ್ಬು ಹಾರಿಸಿದರು, ಇಳಿಸಿ ಎಂದು. ನಾನು ತಲೆಯಾಡಿಸಿ ಕುರ್ಚಿ ತಳ್ಳಿಕೊಂಡು ಹಿಂದಕ್ಕೆ ಹೊರಟೆ. ಅಡುಗೆಮನೆಯ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಕಾದಿತ್ತು. ಅದನ್ನು ದಾಟಿದೆ. ಹಂಡೆಗಳನ್ನು ದಾಟಿದೆ. ಗಗನ ಏನು ಎತ್ತ ಎಂದು ಕೇಳದೆ ಮುಂದೆ ಹೋಗಿ ಗೇಟು ತೆಗೆದಳು. ಹಿಂತಿರುಗಿ ನೋಡಿದರೆ, ದೇವರಾಜು ಅರ್ಧ ಎದ್ದು, ಗವರ್ನರ್ ಕಣ್ಣು ಬಿಟ್ಟದ್ದನ್ನು ಕಂಡು ಮತ್ತೆ ಕೂತರು. ಪ್ರೋಟೋಕಾಲ್.

ರಸ್ತೆಗೆ ಬಂದ ಮೇಲೆ ದೇವಿರಮ್ಮ ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡಳು. ‘ಆಟೋ ಬ್ಯಾಡ್ವಾ ಟೀಚರೇ? ಊಟ ಬ್ಯಾರೆ ಬುಟ್ಬುಟ್ವಿ.’

ಅಡುಗೆಗೆಂದು ಗಗನಳನ್ನು ಮುಂದಾಗಿ ಮನೆಗೆ ಕಳಿಸಿ, ನಡೆದದ್ದನ್ನೆಲ್ಲ ಹೇಳಿದೆ. ಅವಳು ನೀಲಿ ಟೇಪಿನ ಮೇಲಿಂದ ಕೈ ತೆಗೆದಳು. ‘ಅಂಗಾರೆ ಇದು ಕದ್ದಿದ್ದಾ?’ ಎಂದಳು. ಅವಳ ದನಿ ಇಳಿದಿತ್ತು.

‘ಕೊಟ್ಟಿದ್ದು ಕಣಮ್ಮ. ಗವರ್ನರೇ ಕೊಟ್ಟಿದ್ದು, ಶಾಶ್ವತವಾಗಿ. ನಾಳೆ ಪೇಪರಿನಲ್ಲಿ ಫೋಟೋ ಬರುತ್ತೆ. ಅದಾದ್ಮೇಲೆ ಯಾವ ಮುಖ ಇಟ್ಕೊಂಡು ವಾಪಸ್ ಕೇಳ್ತಾರೋ ಕೇಳಲಿ.’

ರಾಮಕೃಷ್ಣನಗರದ ಕಡೆ ತಿರುಗುವಷ್ಟರಲ್ಲಿ ಫೋನು ಬಡಿದುಕೊಂಡಿತು. ದೇವರಾಜು. ಕುರ್ಚಿ ಕೇಳುತ್ತಾರೆ ಎಂದು ಬಾಯಿತುಂಬ ಉತ್ತರ ಇಟ್ಟುಕೊಂಡು ಎತ್ತಿದೆ.

‘ಮೇಡಂ, ಸುತ್ತಿಗೆ ಎಲ್ಲಿ?’ ಪಿಸುಗುಟ್ಟುತ್ತಿದ್ದರು. ‘ಗವರ್ನರ್ ಭಾಷಣ ಮುಗೀತು, ವಂದನಾರ್ಪಣೆನೂ ಆಯ್ತು. ಸುತ್ತಿಗೆ ಇಲ್ದೆ ಯಾರೂ ಏಳೋಕಾಗ್ತಿಲ್ಲ. ಊಟ ತಣ್ಣಗಾಗ್ತಿದೆ ಮೇಡಂ!’

ಒಬ್ಬ ಮುದುಕಿ ಎದ್ದು ಓಡಾಡಲಾರಳು ಎಂಬುದು ಅವರ ತಲೆಗೆ ಒಂದು ದಿನವೂ ಹೊಕ್ಕಿರಲಿಲ್ಲ. ತಾವು ಏಳಲಾಗದೆ ಕೂತದ್ದು ಮಾತ್ರ ಎಂಥ ಸಂಕಟವಾಗಿ ಕಾಣುತ್ತಿತ್ತು ನೋಡಿ. ಇಂಥವರಿಗೆ ನಾನು ಕೈಕಟ್ಟಿ ನಗುತ್ತ ಕೂತಿದ್ದೆನಲ್ಲ ಎಂದು ಅಸಹ್ಯವಾಯಿತು.

‘ಸ್ವಲ್ಪ ಹೊತ್ತು ಕೂತಿರಿ. ಹೇಗಿರುತ್ತೆ ಅಂತ ಗೊತ್ತಾಗ್ಲಿ’ ಎಂದು ಫೋನಿಟ್ಟೆ.

ಕೈಚೀಲದಿಂದ ಸುತ್ತಿಗೆ ತೆಗೆದು ದೇವಿರಮ್ಮನ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, ಶುಂಠಿ ಜಜ್ಜುವುದಕ್ಕೆ ಚೆನ್ನಾಗಿದೆ ಎಂದಳು. ಪಾರ್ಕಿನ ಏರು ಬಂತು. ಬಿಸಿಲಿಗೆ ನನಗೆ ಏದುಸಿರು ಹತ್ತಿತು, ಒಂದು ಗಳಿಗೆ ನಿಂತೆ.

‘ಯಾಕೆ ನಿಂತ್ಬುಟ್ರಿ? ಕುರ್ಚಿ ತಳ್ಳಕ್ಕೂ ಬರಾಕಿಲ್ವಾ? ಮಕ್ಕುಳ್ಗೆ ಅದೇನ್ ಲೆಕ್ಕ ಹೇಳ್ಕೊಟ್ರೋ ಕಾಣೆ!’

‘ನೀನೇನು ಹೂವಿನಂಗಿದ್ದೀಯಾ ತಳ್ಳೋಕೆ? ಮಕ್ಕಳ ಪಾಲಿನ ಬೇಳೇನೆಲ್ಲ ನೀನೇ ತಿಂದು ಬೆಳೆಸಿದ ಮೈ!’ ಎಂದೆ ನಾನೂ.

‘ಏನಂದ್ರಿ?’ ದೇವಿರಮ್ಮ ಸುತ್ತಿಗೆ ಎತ್ತಿ ನನ್ನ ಕಡೆ ತಿರುಗಿದಳು. ಆ ಹೊಂಗೆಮರ ಬರುವವರೆಗೂ ಬಾಯಿ ಮುಚ್ಚಲಿಲ್ಲ.