ಮೇಲಿನ ಕಂಡಿಯ ನೀರು

ಶೇಖಮ್ಮನಿಗೆ ಆ ದಿನ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ದೋರನಹಳ್ಳಿಯ ದಿನ್ನೆಯ ಮೇಲೆ, ಅವಳದೇ ಹೊಲದಲ್ಲಿ ನೀರಿನ ತೊಟ್ಟಿ ಇತ್ತು. ಆದರೆ ಅದರ ಒಂದು ಹನಿಯನ್ನೂ ಅವಳ ಹೊಲ ಕಂಡಿರಲಿಲ್ಲ. ಕಾಲುವೆ ಪಕ್ಕದ ಬಾವಿಯಿಂದ ಪಂಪು ನೀರೆತ್ತಿ ತೊಟ್ಟಿಗೆ ಸುರಿಯುತ್ತಿತ್ತು, ತಳದ ಕಂಡಿಯಿಂದ ಅದು ಕೆಳಗಿನವರ ಹೊಲಗಳಿಗೆ ಹರಿದುಹೋಗುತ್ತಿತ್ತು. ಮೇಲಿನ ಕಂಡಿ ಶೇಖಮ್ಮನದು. ಅಲ್ಲಿವರೆಗೆ ನೀರು ಏರಿದರೆ ಮಾತ್ರ ಅವಳ ಪಾಲು. ತೊಟ್ಟಿಗೆ ಜಾಗ ಕೊಟ್ಟವಳೇ ಬಾಯಿ ಒಣಗಿಸಿಕೊಂಡು ಕೂರಬೇಕೆಂದರೆ ಇದ್ಯಾವ ನ್ಯಾಯ ಅಂತ ಅವಳು ಜಗಳ ತೆಗೆದ ಮೇಲೆಯೇ, ಆ ಕೆಳಗಿನ ರೈತರಿಗೆಲ್ಲ ಹಿರಿಯನಾದ ಮರಿಲಿಂಗಪ್ಪ ಎರಡನೇ ಪಂಪು ತರಲು ಒಪ್ಪಿದ್ದು.

ಯಾದಗಿರಿಯಿಂದ ಪಂಪು ಬಂತು, ಹಳೆಯ ಪೈಪಿಗೇ ಜೋಡಿಸಿದ್ದೂ ಆಯಿತು. ಇನ್ನು ತಡೆಯಲಾದೀತೇ? ಶೇಖಮ್ಮ ಬೆಳಗಾಗುತ್ತಲೇ ಸಸಿಮಡಿಯಿಂದ ಮೆಣಸಿನ ಅಗಿ ಕೀಳಿಸಿಬಿಟ್ಟಿದ್ದಳು. ಅಗಿ ಹಚ್ಚಲು ಬಂದ ಹೆಂಗಸರು ಬದುವಿನ ಮೇಲೆ ಕೂತಿದ್ದರು. ಇವತ್ತು ನೀರು ಬರದಿದ್ದರೆ ಅಗಿಯೆಲ್ಲ ಬಾಡಿ ಹೋಗುತ್ತಿತ್ತು, ಬೇರೆ ಅಗಿ ಅವಳ ಹತ್ತಿರ ಇರಲಿಲ್ಲ.

"ಗುರಣ್ಣಾ, ಎರಡೂ ಚಾಲೂ ಮಾಡೋ!" ಮರಿಲಿಂಗಪ್ಪ ಫೋನಿನಲ್ಲಿ ಕೂಗಿದ. ಕೆಳಗೆ ಬಾವಿಯ ಹತ್ತಿರ ಪಂಪು ನೋಡಿಕೊಳ್ಳುವ ಗುರಣ್ಣ ಗುಂಡಿ ಒತ್ತಿದ. ಪೈಪು ಬುಸುಗುಟ್ಟಿ ನೀರು ಧುಮುಕಿತು. ಹೆಂಗಸರು ಸೆರಗು ಸಿಕ್ಕಿಸಿ ಎದ್ದೇ ಬಿಟ್ಟರು. ನೀರು ಏರಿತು, ಏರಿತು, ದಿನಾ ಎಲ್ಲಿಗೆ ಬರುತ್ತಿತ್ತೋ ಅಲ್ಲಿಗೇ ಬಂದು ನಿಂತಿತು.

ಅಷ್ಟರಲ್ಲಿ ಗುರಣ್ಣನ ಫೋನು: "ಕಾಕಾ, ಹೊಸಾದು ಮುಟ್ಟಿದ್ರ ಕೈ ಸುಡಾಕತ್ತದ!"

ಶೇಖಮ್ಮ ತಡಮಾಡದೆ ಅನುರಾಧಾಳನ್ನು ಕರೆಸಿದಳು. ಶಹಾಪುರದಲ್ಲಿ ಪಂಪಿನ ಅಂಗಡಿ ನಡೆಸುವ ಅನುರಾಧಾ ಮೊದಲು ಬಾವಿಗೆ ಹೋಗಿ ಪಂಪು ನೋಡಿ, ಆಮೇಲೆ ದಿನ್ನೆ ಹತ್ತಿ ಬಂದಳು.

"ಕಾಕಾ, ಇಷ್ಟು ಸಣ್ಣ ಪಂಪ್ ಯಾಕ ತಂದ್ರಿ?"

"ಮತ್ತ? ಹೆಚ್ಚಿಗಿ ಬೇಕಾಗಿದ್ದು ಅರ್ಧ ನೀರು, ಅರ್ಧ ಪಂಪ್ ಸಾಕು," ಮರಿಲಿಂಗಪ್ಪ ಮೀಸೆ ತಿರುವಿದ. "ಹಳೇ ಎತ್ತಿನ ಜೋಡಿ ಹೋರಿ ಕಟ್ಟಿ ರೂಢಿ ಮಾಡಂಗಿಲ್ಲೇನು? ದೊಡ್ಡದು ಜಗ್ಗತದ, ಸಣ್ಣದು ಕೈಲಾದಷ್ಟು ಕೂಡತದ. ಜಲ್ಮೆಲ್ಲಾ ಮಾಡೀನಿ ನಾ ಇದನ್ನ."

"ಹೋರಿಗಾದ್ರ ಖರೇರಿ. ಪಂಪ್ ಹಂಗಲ್ಲ. ದೊಡ್ಡದರ ಒತ್ತಡಕ್ಕ ಸಣ್ಣದರ ಬಾಯಾಗಿನ ಮುಚ್ಚಳ ತೆರಿಯಂಗೇ ಇಲ್ಲ. ನೀರು ಒಳಗೇ ಗಿರಗಿರ ತಿರುಗಿ ಕಾಯಾಕತ್ತದ."

"ಏ, ಸುಳ್ಳು!"

"ಸಣ್ಣದು ಬಂದ್ ಮಾಡಸ್ರಿ. ತೊಟ್ಟ್ಯಾಗ ಒಂದ್ ಬೆರಳು ನೀರು ಇಳಿದ್ರ ನಂದೇ ಸುಳ್ಳು."

ಶೇಖಮ್ಮ ಮುದುಕನ ಕೈಯಿಂದ ಫೋನು ಕಿತ್ತುಕೊಂಡಳು. "ಗುರಣ್ಣಾ, ಸಣ್ಣದು ಬಂದ್ ಮಾಡು!" ಎಲ್ಲರೂ ತೊಟ್ಟಿಯ ಮೇಲೆ ಬಾಗಿದರು, ಉಸಿರು ಬಿಗಿಹಿಡಿದು ನೋಡಿದರು. ನೀರು ಕೂದಲೆಳೆಯಷ್ಟೂ ಇಳಿಯಲಿಲ್ಲ. ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮರಿಲಿಂಗಪ್ಪನ ಮುಖ ಇಷ್ಟೇ ಇಷ್ಟಾಯಿತು.

"ಮತ್ತೇನ್ ಮಾಡಬೇಕು? ಬ್ಯಾಗ ಹೇಳ ತಂಗಿ!" ಶೇಖಮ್ಮ ಕುಣಿಯುವುದೊಂದು ಬಾಕಿ.

"ನೀರು ಅರ್ಧ ಹೆಚ್ಚಿಗಿ ಸಾಕಂದ್ರೂ ಪಂಪ್ ಪೂರ್ತಿನೇ ಬೇಕಕ್ಕಾ. ಹಳೇದು ಎಷ್ಟು ಎತ್ತರಕ್ಕ, ಎಷ್ಟು ಜೋರಿಂದ ಎತ್ತತದೋ ಇದೂ ಅಷ್ಟೇ ಎತ್ತಬೇಕು. ಅಂಥಾದು ನಮ್ಮ ಅಂಗಡ್ಯಾಗ ಅದ."

"ನಾ ಆರಿಸಿ ತಂದದ್ದನ್ನ ವಾಪಸ್ ಒಯ್ದ್ರ ಮಂದಿ ಏನಂತಾರ?" ಮರಿಲಿಂಗಪ್ಪ ಗೊಣಗಿದ.

"ಮಂದಿ ಮನಿ ಹಾಳಾಗಲಿ ಕಾಕಾ! ನನ್ನ ಅಗಿ ಬಾಡಾಕತ್ತದ!"

ಆ ಕೂಗಿಗೆ ಮುದುಕ ಬೆಚ್ಚಿಬಿದ್ದ. ಬುಟ್ಟಿಯೊಳಗೆ ತಲೆ ಬಾಗಿಸಿದ್ದ ಅಗಿಯನ್ನು ನೋಡಿದ. ರುಮಾಲು ಸುತ್ತಿಕೊಂಡು ಅನುರಾಧಾಳ ಜೊತೆ ತಾನೇ ಶಹಾಪುರದ ಟೆಂಪೋ ಹತ್ತಿದ.

ಶೇಖಮ್ಮ ಒದ್ದೆ ಗೋಣಿಚೀಲ ಹೊದಿಸಿ ಅಗಿ ಕಾಯ್ದಳು. ಹೊತ್ತು ವಾಲುವಾಗ ಶಹಾಪುರದ ಪಂಪು ಬಾವಿಯ ಹತ್ತಿರ ಕೂತಿತು. ಮತ್ತೆ ಎರಡೂ ಚಾಲೂ ಆದವು. ಈ ಸಲ ಪೈಪಿನ ಸದ್ದೇ ಬೇರೆ! ನೀರು ಹಳೆಯ ಗುರುತು ಮುಟ್ಟಿತು, ದಾಟಿತು. "ಬಾರವ್ವ, ಬಾ, ಇನ್ನೊಂದೀಟು!" ಎಂದು ಶೇಖಮ್ಮ ತೊಟ್ಟಿಯ ಗೋಡೆಗೆ ಬಡಿಯುತ್ತಿದ್ದಳು. ಮೇಲಿನ ಕಂಡಿ ತುಂಬಿ ನೀರು ಅವಳ ಹೊಲದ ಕಾಲುವೆಗೆ ದಬದಬನೆ ಬಿತ್ತು. ಹೆಂಗಸರು ಕೇಕೆ ಹಾಕಿದರು.

ಮರಿಲಿಂಗಪ್ಪ ಎರಡೂ ಕಂಡಿ ನೋಡಿ ಹುಬ್ಬು ಗಂಟಿಕ್ಕಿದ. "ಪಂಪ್ ಎರಡು, ನೀರು ಎರಡು ಪಟ್ಟು ಬರಬೇಕಿತ್ತಲ್ಲ? ಒಂದೂವರಿನೂ ಇದ್ದಂಗಿಲ್ಲ."

"ಪೈಪ್ ಒಂದೇ ಅದಲ್ರಿ ಕಾಕಾ. ನೀರು ಹೆಚ್ಚಾದಂಗ ಒಳಗ ತಿಕ್ಕಾಟನೂ ಹೆಚ್ಚು," ಎಂದು ಅನುರಾಧಾ ಶುರುಮಾಡಿದಳು.

ಶೇಖಮ್ಮ ಆಗಲೇ ಮೊಣಕಾಲುದ್ದ ಕೆಸರಿನಲ್ಲಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

"ನಿಮ್ಮ ಪಾಲು ನಿಮಗ ಮುಟ್ಟ್ಯದಿಲ್ಲೋ ಕಾಕಾ? ಮ್ಯಾಲಿಂದು ನಂದು. ಅದನ್ನ ಕಮ್ಮಿ ಅನಬ್ಯಾಡ್ರಿ!" ಎಂದವಳೇ, ಹೆಂಗಸರು ಬದು ಇಳಿಯುವ ಮೊದಲೇ ಮೊದಲನೆಯ ಅಗಿಯನ್ನು ಹಸಿ ಮಣ್ಣಿಗೆ ಒತ್ತಿದಳು.