ಕಪ್ಪೆಯ ಸೋದರತ್ತೆ

ಫೋನು ಬಂದಾಗ ರುದ್ರಾಣಿ ರೊಟ್ಟಿ ಬಡಿಯುತ್ತಿದ್ದಳು. ಭಾನುವಾರ, ಗಾರ್ಮೆಂಟ್ಸಿಗೆ ರಜೆ. ಗರುಡಾಚಾರ್‌ಪಾಳ್ಯದ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ವಾರಕ್ಕೊಂದು ದಿನ ನಿಧಾನವಾಗಿ ರೊಟ್ಟಿ ಬಡಿದು ಉಣ್ಣುವ ಪುಣ್ಯ ಸಿಗುತ್ತಿತ್ತು. ಕೈತುಂಬ ಜೋಳದ ಹಿಟ್ಟು ಇದ್ದುದರಿಂದ ಗಂಡ ಗುರುಶಾಂತಪ್ಪನೇ ಫೋನನ್ನು ಅವಳ ಕಿವಿಗೆ ಹಿಡಿದ.

“ಅತ್ತೆ, ನಾನು ನಂದಿತಾ. ಈಗ್ಲೇ ಮನೆಗೆ ಬನ್ನಿ. ನನ್ನ ತಮ್ಮಂಗೆ ಹೆಸರಿಡ್ಬೇಕು.”

ನಂದಿತಾ ರುದ್ರಾಣಿಯ ತಮ್ಮ ಶಿವಶರಣನ ಮಗಳು, ಏಳು ವರ್ಷದ ಒಬ್ಬಳೇ ಮಗಳು. ಇವಳಿಗೊಬ್ಬ ತಮ್ಮ ಯಾವಾಗ ಹುಟ್ಟಿದ? ಎರಡನೇ ಕೂಸು ಹುಟ್ಟಿದ ಸುದ್ದಿಯನ್ನೂ ತನ್ನಿಂದ ಮುಚ್ಚಿಟ್ಟರೇ?

“ಯಾವ ತಮ್ಮನವ್ವಾ?”

“ಕಪ್ಪೆ ಅತ್ತೆ! ಮೊನ್ನೆ ಮಳೆ ನೀರು ಮನೆ ಒಳಗೆ ಬಂತಲ್ಲ, ಅದ್ರ ಜೊತೆ ಬಂದಿದ್ದು. ಟಬ್ಬಲ್ಲಿ ಇಟ್ಕೊಂಡಿದೀನಿ. ನಾನು ಅಕ್ಕ, ಅದು ತಮ್ಮ. ಅಪ್ಪ ಹೇಳಿದ್ರು, ಹೆಸರಿಡೋದು ಸೋದರತ್ತೆ ಕೆಲಸ ಅಂತ. ನನ್ನ ತಮ್ಮಂಗೂ ನೀವೇ ತಾನೆ ಸೋದರತ್ತೆ?”

ರುದ್ರಾಣಿ ಹಿಟ್ಟಿನ ಕೈಯಿಂದಲೇ ಫೋನು ಆರಿಸಿದಳು. ಹಂಚಿನ ಮೇಲಿದ್ದ ರೊಟ್ಟಿ ಸೀಯತೊಡಗಿತು. ಗುರುಶಾಂತಪ್ಪನಿಗೆ ಎಲ್ಲ ಕೇಳಿಸಿತ್ತು. ಅವನು ಗೋಡೆಗೆ ಮುಖ ಮಾಡಿ ನಗು ತಡೆಯುತ್ತಿದ್ದ.

“ನಗ್ರಿ, ಬಾಯಿ ತುಂಬ ನಗ್ರಿ! ನಮ್ಮ ಕಡಿ ಮಳಿ ಬರ್ಲಿಲ್ಲಂದ್ರ ಕಪ್ಪಿಗಿ ಮದಿವಿ ಮಾಡ್ತಾರ, ಅದು ಗೊತ್ತದ. ಕಪ್ಪಿಗಿ ಹೆಸರಿಡಾದು ಎಲ್ಲ್ಯಾರ ಕೇಳೀರೇನು? ಹೆಣ್ಣುಕೂಸು ಹುಟ್ಟಿದಾಗ ಸೋದರತ್ತಿ ಬ್ಯಾಡಾಗಿದ್ದಳು, ಈಗ ಕಪ್ಪಿಗಿ ಬೇಕಾದ್ಳು!”

“ಸಣ್ಣ ಕೂಸು ಕರ್ದದ. ಹೋಗಿ ಬಾ.”

“ಹೋಗ್ತೀನಿ. ಹೋಗಿ ನನ್ನ ತಮ್ಮನ ಮಾರಿ ಮ್ಯಾಲೇ ಕೇಳ್ತೀನಿ. ಸೋದರತ್ತಿ ಅನ್ನಾದು ಈಗ ನೆಪ್ಪಾಯ್ತೇನು ಅಂತ ಕೇಳ್ತೀನಿ.”

ಸಿಟ್ಟು ಬರದೆ ಇನ್ನೇನಾಗುತ್ತದೆ? ನೀವೇ ಹೇಳಿ. ಜೇವರ್ಗಿ ಕಡೆಯ ಆ ಮನೆತನದಲ್ಲಿ ಹೆಣ್ಣುಮಗಳಿಗೆ ಹೊಲ ಬರುವುದಿಲ್ಲ, ಮನೆ ಬರುವುದಿಲ್ಲ. ಬರುವುದು ಒಂದೇ ಒಂದು ಹಕ್ಕು. ಅಣ್ಣತಮ್ಮಂದಿರ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು, ತಾನು ಆರಿಸಿದ ಹೆಸರು ಹೇಳಬೇಕು. ಆಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಬಿದ್ದರೇನೇ ಹೆಸರು ಕೂತಿತು ಎಂದು ಲೆಕ್ಕ. ಅಲ್ಲಿಯವರೆಗೆ ಆ ಹೆಸರನ್ನು ಅವಳು ಯಾರ ಮುಂದೂ ಆಡುವ ಹಾಗಿಲ್ಲ, ಕಟ್ಟಿಕೊಂಡ ಗಂಡನ ಮುಂದೂ.

ರುದ್ರಾಣಿಗೆ ಇದ್ದವನು ಒಬ್ಬನೇ ತಮ್ಮ. ಅವನಿಗೆ ಮಗಳು ಹುಟ್ಟಿದ ಸುದ್ದಿ ಬಂದದ್ದೇ, ಊಟದ ಬಿಡುವಿನಲ್ಲಿ ಸೂಪರ್‌ವೈಸರನ ಕಣ್ಣು ತಪ್ಪಿಸಿ, ಕೆಂಪು ಖಣದಲ್ಲಿ ಒಂದು ಕುಂಚಿಗೆ ಹೊಲಿದಳು. ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಟೋಪಿ, ಹಸಿರು ಅಂಚು, ನೆತ್ತಿಯ ಮೇಲೆ ಐದು ಗೆಜ್ಜೆ. ಅದನ್ನು ಹಿಡಿದುಕೊಂಡು, ಹೆಸರನ್ನು ಬಾಯಲ್ಲಿ ಕಟ್ಟಿಕೊಂಡು, ತಮ್ಮನ ಹೆಂಡತಿ ಪ್ರತಿಭಾಳ ತವರು ದಾವಣಗೆರೆಗೆ ಹೋದಳು. ಹೋಗಿ ನೋಡಿದರೆ ಏನು! ಗೇಟಿಗೇ ಆಳೆತ್ತರದ ಫ್ಲೆಕ್ಸು. ‘ನಂದಿತಾಳ ನಾಮಕರಣಕ್ಕೆ ಸ್ವಾಗತ.’ ಕೇಕಿನ ಮೇಲೂ ನಂದಿತಾ, ಬಲೂನಿನ ಮೇಲೂ ನಂದಿತಾ. ಜನನ ಪತ್ರಕ್ಕೂ ಬರೆಸಿ ಆಗಿತ್ತಂತೆ. “ಅದನ್ನೇ ಕಿವೀಲಿ ಹೇಳ್ಬಿಡಿ ಅಕ್ಕ,” ಎಂದಳು ಪ್ರತಿಭಾ. ಶಿವಶರಣ ಪಕ್ಕದಲ್ಲೇ ಬಾಯಿ ಹೊಲಿದುಕೊಂಡು ನಿಂತಿದ್ದ. ರುದ್ರಾಣಿ ಕುಂಚಿಗೆಯನ್ನು ತೊಟ್ಟಿಲ ಮೇಲೆ ಇಟ್ಟು, ಬಗ್ಗದೆ, ಉಣ್ಣದೆ, ಬಸ್ ಸ್ಟ್ಯಾಂಡಿಗೆ ನಡೆದಳು.

ಅಂದಿನಿಂದ ತಮ್ಮನ ಮನೆಯಲ್ಲಿ ಅವಳು ಒಂದು ತುತ್ತು ಬಾಯಿಗಿಟ್ಟಿಲ್ಲ. ಹಬ್ಬಕ್ಕೆ ಹೋಗುತ್ತಾಳೆ, ಹುಡುಗಿಯ ಕೆನ್ನೆ ಹಿಂಡುತ್ತಾಳೆ, ಅರ್ಧ ಗಂಟೆ ಕೂತು ಎದ್ದು ಬರುತ್ತಾಳೆ. ಆ ಹೆಸರು ಮಾತ್ರ ಏಳು ವರ್ಷದಿಂದ ಅವಳ ಹೊಟ್ಟೆಯೊಳಗೇ ಇದೆ.

ತಮ್ಮನ ಮನೆಯಿದ್ದ ಮಹದೇವಪುರಕ್ಕೆ ನಡೆದೇ ಹೋದಳು. ಒಣಗಿದ ಕೆಸರು ರಸ್ತೆ ತುಂಬ ಧೂಳಾಗಿ ಏಳುತ್ತಿತ್ತು. ಕಾಂಪೌಂಡುಗಳ ಮೇಲೆ ಮೊಣಕಾಲೆತ್ತರಕ್ಕೆ ನೀರಿನ ಗುರುತು ಹಾಗೇ ಇತ್ತು. ಶಿವಶರಣನ ಮನೆ ಅಪಾರ್ಟ್‌ಮೆಂಟಿನ ಕೆಳಗಿನ ಮಹಡಿಯಲ್ಲಿತ್ತು. ಸೋಫಾದ ದಿಂಬುಗಳು ಹೊರಗೆ ಬಿಸಿಲಿಗೆ ಬಿದ್ದಿದ್ದವು. ಶಿವಶರಣ ಲುಂಗಿ ಎತ್ತಿ ಕಟ್ಟಿ ವೈಪರಿನಿಂದ ನೆಲದ ನೀರು ಎಳೆಯುತ್ತಿದ್ದ.

“ಬಾ ಅಕ್ಕಾ,” ಎಂದ, ಕಣ್ಣಿಗೆ ಕಣ್ಣು ಕೊಡದೆ.

“ಬನ್ನಿ ಅಕ್ಕ, ಚಾ ಇಡ್ತೀನಿ,” ಎಂದಳು ಪ್ರತಿಭಾ.

“ನೀರು ಸುದ್ದಾ ಬ್ಯಾಡ. ನಾ ಬಂದಿದ್ದು ಒಂದೇ ಮಾತು ಕೇಳಾಕ...”

ಕೇಳುವುದಕ್ಕೆ ನಂದಿತಾ ಬಿಟ್ಟರೆ ತಾನೆ! ಓಡಿ ಬಂದು ಅತ್ತೆಯ ಕೈ ಹಿಡಿದು, ಅಡುಗೆಮನೆ ದಾಟಿಸಿ, ಬಟ್ಟೆ ಒಗೆಯುವ ಜಾಗಕ್ಕೆ ಎಳೆದುಕೊಂಡು ಹೋದಳು. “ಅಪ್ಪ ಟೈಗರ್ ಅಂತಿಡು ಅಂತಾರೆ. ಅಮ್ಮ ಏನೂ ಇಡ್ಬೇಡ, ಮೊದ್ಲು ಹೊರಗೆ ಬಿಡು ಅಂತಾಳೆ. ನಾನು ಮಾತ್ರ ಅತ್ತೆ ಬರೋವರ್ಗೂ ಯಾರೂ ಹೆಸರಿಡೋ ಹಂಗಿಲ್ಲ ಅಂದ್ಬಿಟ್ಟೆ.”

ನೀಲಿ ಟಬ್ಬು. ಅದರಲ್ಲಿ ನಾಲ್ಕು ಬೆರಳು ನೀರು, ಒಂದು ಕಡೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಮಡಿಸಿದ ಬಟ್ಟೆ. ಬಟ್ಟೆಯ ಮೇಲೆ ಮೈತುಂಬ ಗುಳ್ಳೆಯ ನೆಲಗಪ್ಪೆಯೊಂದು ಗಲ್ಲ ಉಬ್ಬಿಸುತ್ತ ಕೂತಿತ್ತು. ರುದ್ರಾಣಿ ಕಪ್ಪೆಯನ್ನು ನೋಡಲೇ ಇಲ್ಲ. ಅವಳು ನೋಡಿದ್ದು ಬಟ್ಟೆಯನ್ನು. ಕೆಂಪು ಖಣ, ಹಸಿರು ಅಂಚು, ಕೆಸರು ಮೆತ್ತಿದ ಐದು ಗೆಜ್ಜೆ.

“ನನ್ನ ಕುಂಚಿಗಿ!”

ಅವಳು ಕೂಗಿದ ರಭಸಕ್ಕೆ ಶಿವಶರಣ ವೈಪರ್ ಹಿಡಿದೇ ಓಡಿ ಬಂದ.

“ನೋಡೋ, ನೋಡು! ಮಷಿನ್ ಮುಂದ ಉಪಾಸ ಕುಂತು ಹೊಲ್ದೀನಿ ಇದನ್ನ! ನಿನ್ನ ಮಗಳ ತಲಿಗಿ ಒಂದಿನ ಏರ್ಲಿಲ್ಲ, ಈಗ ಕಪ್ಪಿ ಕುಂಡಿ ಕೆಳಗ ಹಾಕೀರಿ! ನಾಚಿಕಿ ಅನ್ನಾದು ಅದೇನು ನಿಮಗ? ನಾ ಏನು ಬೇಡಿದ್ನೋ ನಿನ್ನ? ಹೊಲ ಬೇಡಿದ್ನಾ? ಬಂಗಾರ ಬೇಡಿದ್ನಾ? ನಿನ್ನ ಕೂಸಿನ ಕಿವ್ಯಾಗ ಒಂದು ಮಾತು! ಅಷ್ಟೂ ಕೊಡ್ಲಿಕ್ಕಾಗ್ಲಿಲ್ಲ ನಿಮಗ. ಈಗ ಕರ್ದೀರಿ, ಬಾ, ಕಪ್ಪಿಗಿ ಹೆಸರಿಡು ಅಂತ!”

“ನಂದೂ!” ಅವನ ಹಿಂದೆಯೇ ಬಂದ ಪ್ರತಿಭಾ ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. “ಇದನ್ಯಾಕೆ ತೆಗ್ದೆ? ಬೀರುವಿನಲ್ಲಿ ನನ್ನ ಧಾರೆ ಸೀರೆ ಒಳಗೆ ಮಡಚಿಟ್ಟಿದ್ನಲ್ಲ! ಅಷ್ಟು ನೀರು ಬಂದಾಗ ಮೊದ್ಲು ಮೇಲೆತ್ತಿಟ್ಟಿದ್ದೇ ಇದನ್ನ!”

“ಅಪ್ಪಾನೇ ಹೇಳಿದ್ದು, ಹೆಸರಿಡೋವಾಗ ಅತ್ತೆ ತಂದ ಕುಂಚಿಗೆ ಹಾಕ್ತಾರೆ ಅಂತ. ತಲೆಗೆ ಹಾಕಿದ್ರೆ ಕಪ್ಪೆ ಪೂರ್ತಿ ಮುಳುಗೋಗುತ್ತೆ. ಅದಕ್ಕೇ ಹಾಸಿದೆ.” ಹುಡುಗಿ ಅಳತೊಡಗಿದಳು.

ಧಾರೆ ಸೀರೆಯ ಮಾತು ರುದ್ರಾಣಿಯ ಕಿವಿಗೆ ಬಿತ್ತು. ಆದರೆ ಹೊತ್ತಿದ ಸಿಟ್ಟು ಅಷ್ಟಕ್ಕೆಲ್ಲ ಆರುತ್ತದೆಯೇ?

“ಅಷ್ಟು ಜ್ವಾಕಿ ಇದ್ದಾಕಿ, ಅವತ್ತು ಯಾಕವ್ವಾ ಹಂಗ ಮಾಡ್ದಿ?”

ಈಗ ಪ್ರತಿಭಾಳೂ ಸೆಟೆದು ಎದ್ದು ನಿಂತಳು. “ಹೇಳ್ತೀನಿ ಅಕ್ಕ. ಏಳು ವರ್ಷದಿಂದ ನಾನೂ ನುಂಗ್ಕೊಂಡಿದೀನಿ. ಹೊತ್ತು ಹೆತ್ತೋಳು ನಾನು. ನನ್ನ ಮಗಳನ್ನ ಶಾಲೇಲಿ ಅಯ್ಯಮ್ಮ ಅಂತ ಕೂಗಿಸ್ಬೇಕಿತ್ತಾ? ಮಕ್ಕಳೆಲ್ಲ ಆಡ್ಕೊಂಡು ನಗ್ತಿದ್ರು. ನೀವು ಬಂದು ಕಿವೀಲಿ ಹೇಳ್ಬಿಟ್ರೆ ಆಮೇಲೆ ಬದಲಾಯ್ಸೋಕೂ ಆಗಲ್ಲ. ಅದಕ್ಕೇ ಮೊದ್ಲೇ ಬರೆಸ್ದೆ. ಹೌದು, ಬೇಕಂತಲೇ ಬರೆಸ್ದೆ!”

ಅಯ್ಯಮ್ಮ ಎಂದರೆ ರುದ್ರಾಣಿ, ಶಿವಶರಣರ ತೀರಿಹೋದ ತಾಯಿ.

“ನಾ ಅಯ್ಯಮ್ಮ ಅಂತ ಇಡ್ತೀನಂತ ಯಾರಂದ್ರು ನಿನಗ?”

“ಇವ್ರೇ. ಮೊದಲನೇ ಹೆಣ್ಣಿಗೆ ಅಜ್ಜಿ ಹೆಸರೇ, ಅಕ್ಕ ಅದೇ ಇಡ್ತಾಳೆ ಅಂತ ಖಡಾಖಂಡಿತ ಹೇಳಿದ್ರು.”

ಇಬ್ಬರೂ ಹೆಂಗಸರು ಶಿವಶರಣನ ಕಡೆ ತಿರುಗಿದರು. ಅವನು ವೈಪರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

“ನಾ... ಅಂದಾಜಿನ ಮ್ಯಾಲ ಹೇಳಿದ್ದೆ. ಅಕ್ಕನ್ನ ಕೇಳಾಂಗಿಲ್ಲಲ್ಲ, ಆಕಿ ಹೇಳಾಂಗಿಲ್ಲಲ್ಲ, ಅದಕ್ಕ...”

“ಅಂದಾಜು!” ಎಂದರು ಇಬ್ಬರೂ ಒಟ್ಟಿಗೆ.

“ನಮ್ಮವ್ವಗ ತನ್ನ ಹೆಸರು ಸೇರ್ತಿದ್ದಿಲ್ಲೋ ಮಾರಾಯಾ! ‘ಹುಟ್ಟಿದ ಕೂಡ್ಲೇ ಮುದುಕಿ ಮಾಡ್ಯಾರ ನನ್ನ’ ಅಂತ ಹೆಸರಿಟ್ಟೋರಿಗಿ ದಿನಾ ಬೈತಿದ್ಳು. ನೀ ಅದೇ ಮನ್ಯಾಗ ಹುಟ್ಟೀಯಿಲ್ಲ? ಅದೇ ಹೆಸರು ಎಳಿ ಕೂಸಿಗಿ ಇಡ್ತೀನೇನು ನಾ?”

ಪ್ರತಿಭಾಳ ದನಿ ಇಳಿಯಿತು. “ಮತ್ತೆ... ಏನಿಡೋರಿದ್ರಿ ಅಕ್ಕ?”

“ಈಗ ಕೇಳ್ತಿ? ಅದು ಕಿವ್ಯಾಗ ಹೇಳಾದು. ಹಿಂಗ ಬಯಲಿಗಿ ಹೇಳಾದಲ್ಲ.”

ನಂದಿತಾ ಕಣ್ಣೊರೆಸಿಕೊಂಡು, ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಅತ್ತೆಯ ಮುಂದೆ ಬಂದು ನಿಂತಳು. “ಹೇಳಿ. ನನ್ನ ಕಿವಿ ಇಲ್ಲೇ ಇದೆ.”

ರುದ್ರಾಣಿಗೆ ಸಿಟ್ಟಿನಲ್ಲಿ ಹೋಗಿಬಿಡೋಣ ಎನ್ನಿಸಿತು. ಆದರೆ ಆ ಪುಟ್ಟ ಕಿವಿ ಕಾಯುತ್ತಿತ್ತು. ಬಗ್ಗಿದಳು. ‘ಕುರ್ರ್’ ಎಂದಳು. ಹೇಳಿದಳು.

“ಜಯಮಾಲಾ!” ಹುಡುಗಿ ಕಚಗುಳಿ ತಡೆಯಲಾರದೆ ಕಿರುಚಿದಳು. “ಯಾರದು ಜಯಮಾಲಾ?”

“ನಮ್ಮೂರ ಸಾಲಿ ಟೀಚರವ್ವಾ. ಊರ ಗೌಡ ಬಂದ್ರೂ ಆಕಿ ಕುರ್ಚಿ ಬಿಟ್ಟು ಏಳ್ತಿದ್ದಿಲ್ಲ. ‘ಮಕ್ಕಳಿಗಿ ಪಾಠ ನಡದದ, ಹೊರಗ ನಿಂದ್ರಿ’ ಅಂತಿದ್ಳು. ನನ್ನ ಏಳನೇ ಕ್ಲಾಸಿಗಿ ಸಾಲಿ ಬಿಡಿಸಿದಾಗ ಮನಿ ತನಕ ಬಂದು ನಮ್ಮಪ್ಪನ ಕೂಡ ಜಗಳಾಡಿದ್ಳು. ನಮ್ಮ ಮನ್ಯಾಗೊಂದು ಹೆಣ್ಣು ಹಂಗ ಕುರ್ಚಿ ಮ್ಯಾಲ ಕುಂಡ್ರಲಿ ಅಂತ ನನಗ ಆಸಿ ಇತ್ತು.”

ಪ್ರತಿಭಾ ತಲೆ ತಗ್ಗಿಸಿದಳು. ನಂದಿತಾ ಮಾತ್ರ ಆಗಲೇ ಕುಣಿಯುತ್ತಿದ್ದಳು.

“ನಾನು ಜಯಮಾಲಾ ಆದ್ರೆ ನಂದಿತಾ ಅನ್ನೋ ಹೆಸರು ಖಾಲಿ ಆಯ್ತಲ್ಲ! ಅದನ್ನ ಕಪ್ಪೆಗೆ ಕೊಟ್ಬಿಡೋಣ. ಅಲ್ವಾ ಅತ್ತೆ?”

ಸುಳ್ಳು ಯಾಕೆ ಹೇಳಬೇಕು, ರುದ್ರಾಣಿಗೆ ಮೊದಲು ಆದದ್ದು ಖುಷಿಯೇ. ಆ ಫ್ಲೆಕ್ಸು, ಆ ಕೇಕು, ಆ ಬಲೂನು! ಹೂಂ ಎಂದರೆ ಸಾಕು, ಅಷ್ಟೂ ಕಪ್ಪೆಯ ಪಾಲು. ಸೋದರತ್ತೆ ಹೇಳಿದ ಮೇಲೆ ಹುಡುಗಿ ಯಾರ ಮಾತೂ ಕೇಳುವವಳಲ್ಲ. ಏಳು ವರ್ಷದ ಸೇಡು ಕೈಗೆ ಬಂದು ಕೂತಿತ್ತು.

ಪ್ರತಿಭಾ ಕಪ್ಪೆಯನ್ನು ಇಟ್ಟಿಗೆಗೆ ಸರಿಸಿ ಕುಂಚಿಗೆಯನ್ನು ಎತ್ತಿಕೊಂಡಿದ್ದಳು. ಉಗುರಿನಿಂದ ಒಂದೊಂದೇ ಗೆಜ್ಜೆಯ ಕೆಸರು ಕೀಳುತ್ತಿದ್ದಳು. ಕಿತ್ತಾಗಲೆಲ್ಲ ಗೆಜ್ಜೆ ಸಣ್ಣಗೆ ಸದ್ದು ಮಾಡುತ್ತಿತ್ತು.

“ಬ್ಯಾಡ,” ಎಂದಳು ರುದ್ರಾಣಿ. “ಅದು ನಿಮ್ಮವ್ವ ಇಟ್ಟ ಹೆಸರು. ನನ್ನ ಕೇಳ್ಲಿಲ್ಲ ಅಂತ ನನಗ ಸಿಟ್ಟದ, ಇನ್ನೂ ಅದ. ಆದ್ರ ಹೆತ್ತಾಕಿ ಆಸಿಪಟ್ಟು ಇಟ್ಟ ಹೆಸರು ಕಪ್ಪಿಗಿ ಕೊಡಾದಲ್ಲ. ಸಾಲ್ಯಾಗ ನಂದಿತಾ ಆಗು, ನನ್ನ ಮುಂದ ಜಯಮಾಲಾ ಆಗು. ಎರಡೂ ನಿನ್ನವೇ.”

“ಮತ್ತೆ ತಮ್ಮಂಗೆ?”

ರುದ್ರಾಣಿ ಆಗ ಮೊದಲ ಸಲ ಕಪ್ಪೆಯನ್ನು ಸರಿಯಾಗಿ ನೋಡಿದಳು. ಅದೂ ಅವಳನ್ನೇ ನೋಡುತ್ತಿತ್ತು, ಏನೂ ನಾಚಿಕೆಯಿಲ್ಲದೆ. ತಲೆಯಿಂದ ಕಾಲಿನವರೆಗೆ ಮುತ್ತು ಪೋಣಿಸಿದ ಹಾಗೆ ಗುಳ್ಳೆ.

“ಇರ್ಲಿ, ನನಗೂ ಇವನ ಬಿಟ್ರ ಇನ್ನೊಬ್ಬ ಅಳಿಯ ಎಲ್ಲಿದ್ದಾನ,” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೊಣಕಾಲ ಮೇಲೆ ಕೈಯೂರಿ ಟಬ್ಬಿನ ಮೇಲೆ ಬಗ್ಗಿದಳು. ಕಪ್ಪೆಗೆ ಕಿವಿ ಎಲ್ಲಿದೆಯೋ ಗೊತ್ತಾಗದೆ ಕಣ್ಣಿನ ಹಿಂದಕ್ಕೆ ಅಂದಾಜು ಮಾಡಿ, “ಕುರ್ರ್... ಮುತ್ತಣ್ಣ,” ಎಂದಳು.

ಧಬ್ ಎಂದು ಬೆನ್ನಿಗೆ ಗುದ್ದು ಬಿತ್ತು. ಮೆಲ್ಲನೆಯ ಗುದ್ದಲ್ಲ, ಚಿಕ್ಕ ಹುಡುಗಿಯದೂ ಅಲ್ಲ. ರುದ್ರಾಣಿ ಓರೆಗಣ್ಣಿನಿಂದ ನೋಡಿದಳು. ಹಿಂದೆ ಪ್ರತಿಭಾ ನಿಂತಿದ್ದಳು. ಒಂದು ಕೈಯಲ್ಲಿ ಒದ್ದೆ ಕುಂಚಿಗೆ ಇತ್ತು, ಇನ್ನೊಂದು ಕೈ ಮುಷ್ಟಿಯಾಗಿತ್ತು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

ರುದ್ರಾಣಿ ಬೆನ್ನು ನೆಟ್ಟಗೆ ಮಾಡಲಿಲ್ಲ. ಹಾಗೇ ಬಗ್ಗಿ ನಿಂತಳು.

“ಇದು ಕಪ್ಪಿದಾಯ್ತು,” ಎಂದಳು. “ನಮ್ಮ ಹುಡುಗಿದು ಎಲ್ಲಿ?”